ನಾಲ್ಕನೇ ಇಂಜೆಕ್ಟರಿನ ಕಪ್ಪು ರಿಂಗು

"ಬರ್ಕೊಳ್ಳಿ ಮೇಡಂ, ತಪ್ಪು ನಂದೇ. ಇನ್ನೆಷ್ಟು ಸಲ ಹೇಳ್ಬೇಕು ನಿಮಗೆ?"

ಡಾಕ್ಟರು ಹೀಗೆ ಹೇಳಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು. ಇವರು ಮನುಷ್ಯರ ಡಾಕ್ಟರಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು ಕಾರಿನ ಕಾಯಿಲೆ ಹೇಳುವ ಮೆಕ್ಯಾನಿಕ್. ಬೀದಿಯವರು ತಮಾಷೆಗೆ ಇಟ್ಟ ಹೆಸರು ಶೆಡ್ಡಿನ ಬೋರ್ಡಿನ ಮೇಲೂ ಹತ್ತಿ ಕೂತಿತ್ತು.

ಅವರ ಬಾಲ್ಯದ ಗೆಳೆಯ ಡ್ರಾಯಿಂಗ್ ಮೇಷ್ಟ್ರು. ಈ ಶೆಡ್ಡಿನಲ್ಲಿ ರಿಪೇರಿಯಾದ ತಮ್ಮ ಹಳೇ ಕಾರಿನೊಳಗೇ, ನೀರಿನ ಟ್ಯಾಂಕಿನ ಏರಿನಲ್ಲಿ, ಅವರು ಸುಟ್ಟುಹೋಗಿ ಒಂದು ವಾರವಾಗಿತ್ತು. ಸಂಜೆಯೊಳಗೆ ಡಾಕ್ಟರನ್ನು ಕೋರ್ಟಿಗೆ ಹಾಜರುಪಡಿಸಬೇಕೆಂದು ನನ್ನ ಮೇಲಿನವರು ಫೋನಿನಲ್ಲಿ ಗುಡುಗಿದ್ದರು. ಹಾಜರುಪಡಿಸಿದರೆ ಮುಗಿಯಿತು, ಆ ಮನುಷ್ಯ ಅಲ್ಲೂ ಇದನ್ನೇ ಹೇಳಿ ಜೈಲಿಗೆ ಹೋಗುತ್ತಾರೆ.

ತಪ್ಪೊಪ್ಪಿಗೆಗೂ ನನಗೂ ಆಗಿಬರುವುದಿಲ್ಲ. ಕಳ್ಳನಾದವನು ಕೈಗೆ ಸಿಕ್ಕಿಬಿದ್ದ ಮೇಲೂ ಜಾರಿಕೊಳ್ಳಲು ನೋಡುತ್ತಾನೆ, ಅದು ಸಹಜ. ಕೇಳುವ ಮೊದಲೇ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ತಲೆ ಕೆಡುತ್ತದೆ. ಅದಕ್ಕೇ ಅವರನ್ನು ಠಾಣೆಗೆ ಕರೆಸದೆ ನಾನೇ ಒಂದು ಗೋಣಿಚೀಲ ಹಿಡಿದುಕೊಂಡು ಶೆಡ್ಡಿಗೆ ಬಂದಿದ್ದೆ.

"ಮೊದಲು ಆ ಹಿಂಬಾಗಿಲು ತೆಗೀರಿ. ಪೆಟ್ರೋಲ್ ವಾಸನೆಗೆ ಉಸಿರು ಕಟ್ತಿದೆ," ಎಂದೆ.

ಡಾಕ್ಟರು ಎದ್ದುಹೋದರು. ಬಾಗಿಲಿಗೆ ಒಳಗಿನಿಂದ ಉದ್ದನೆಯ ಕಬ್ಬಿಣದ ಚಿಲಕ, ತುಕ್ಕು ಹಿಡಿದದ್ದು. ಒಂದು ಕೈಯಲ್ಲಿ ಎಳೆದರು, ಎರಡು ಕೈಯಲ್ಲಿ ಎಳೆದರು, ಹೆಗಲು ಕೊಟ್ಟು ನೋಡಿದರು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೈಗಳನ್ನು ಮತ್ತೆ ಜೇಬಿಗೆ ಇಳಿಸಿಕೊಂಡರು.

"ಬಿಡಪ್ಪಾ, ನಾನು ತೆಗೀತೀನಿ," ಎಂದು ಮಗಳು ಬಂದಳು. ಅವಳೂ ಇದೇ ಶೆಡ್ಡಿನಲ್ಲಿ ಕೆಲಸ ಮಾಡುವವಳು, ತೋಳಿನವರೆಗೂ ಗ್ರೀಸು. ಬಾಗಿಲನ್ನು ಚೂರು ಮೇಲಕ್ಕೆತ್ತಿ ಒಂದೇ ಏಟಿಗೆ ಚಿಲಕ ಎಳೆದಳು.

"ದಿನಾ ಹಾಕೋದು ಯಾರು ಇದನ್ನ?"

"ನಾನೇ. ಸಾಯಂಕಾಲ ಹಾಕ್ಬಿಟ್ಟು ಮೇಲೆ ಮನೆಗೆ ಹೋಗ್ತೀವಿ. ಮುಂದಿನ ಶಟರಿನ ಬೀಗದ ಕೈ ಅಪ್ಪನ ಹತ್ರ ಇರುತ್ತೆ."

"ಮೇಷ್ಟ್ರ ಕಾರು ಒಳಗಿದ್ದ ರಾತ್ರಿ?"

"ಹಾಕಿದ್ದೆ," ಎಂದು ಅವಳು ಬೆಂಚಿನ ಹತ್ತಿರ ಹೋಗಿ ಒಂದು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸತೊಡಗಿದಳು.

ಹಿಂಬಾಗಿಲ ಆಚೆ ಸಣ್ಣ ಅಂಗಳ, ಅಂಗಳದ ಆಚೆ ಇನ್ನೊಂದು ಅಂಗಡಿ. ಅಲ್ಲಿ ಬಿಚ್ಚಿ ಹರಡಿದ ನೀರಿನ ಪಂಪುಗಳ ನಡುವೆ ಒಬ್ಬ ಯುವಕ ಕೆಲಸ ಬಿಟ್ಟು ನಮ್ಮ ಕಡೆಗೇ ನೋಡುತ್ತ ಕೂತಿದ್ದ. ಎಲ್ಲರೂ ಅವನನ್ನು ಪಂಪಿನವನು ಎನ್ನುತ್ತಾರೆ. ಮೇಷ್ಟ್ರಿಗಿಂತ ತೀರಾ ಚಿಕ್ಕವನಾದ ಒಡಹುಟ್ಟಿದ ತಮ್ಮ, ಡಾಕ್ಟರ ಮೇಲೆ ದೂರು ಕೊಟ್ಟವನೂ ಅವನೇ.

ಈ ವಾರವಿಡೀ ಅವನು ಬೆಳಿಗ್ಗೆ ಬೆಳಿಗ್ಗೆಯೇ ಠಾಣೆಗೆ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದ. ಬೆಂಕಿ ಹೇಗೆ ಹತ್ತಿತು ಎಂದು ಒಮ್ಮೆಯೂ ಕೇಳಲಿಲ್ಲ. "ಅವತ್ತು ಅಣ್ಣ ಯಾಕೆ ಕಾರು ತಗೊಂಡ್ಹೋದ ಮೇಡಂ? ಅವನ್ಯಾಕೆ ಹೋದ?" ಎಂದಷ್ಟೇ ಕೇಳಿ ಅಳುತ್ತಿದ್ದ. ಸಂಕಟದಲ್ಲಿರುವವರು ಏನೇನೋ ಕೇಳುತ್ತಾರೆ. ಒಂದು ಲೋಟ ನೀರು ಕೊಟ್ಟು ಕಳಿಸುತ್ತಿದ್ದೆ.

"ಹೇಳಿ ಡಾಕ್ಟ್ರೇ, ಕಾರಿಗೆ ಏನಾಗಿತ್ತು?"

ಕೆಲಸದ ಮಾತು ಬಂದದ್ದೇ ಅವರ ಮುಖದಲ್ಲಿ ಸ್ವಲ್ಪ ಜೀವ ಬಂತು. "ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿತ್ತು. ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದ್ರೆ ಮುಷ್ಕರ. ಕೊನೆಗೆ ಹತ್ಕೊಂಡ್ರೆ ಹಿಂದ್ಗಡೆಯಿಂದ ಕರೀ ಹೊಗೆ. ಆಯಿಲ್ ಕಡ್ಡಿ ಎಳೆದು ಮೂಸಿದ್ರೆ ಆಯಿಲ್‌ನಲ್ಲೇ ಪೆಟ್ರೋಲ್ ವಾಸನೆ. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಒಳಗೊಳಗೇ ಸೋರ್ತಿದೆ ಅಂತ ಗೊತ್ತಾಗೋಯ್ತು."

"ನಾಲ್ಕಿರ್ತಾವಲ್ಲ. ಯಾವುದು ಅಂತ ಹೇಗೆ ಹೇಳ್ತೀರಿ?"

"ಪ್ಲಗ್ ಬಿಚ್ಚಿ ನೋಡ್ಬೇಕು. ಮೂರು ಒಣಗಿ ಕಂದು ಬಣ್ಣ ಇದ್ವು, ನಾಲ್ಕನೇದು ಕಪ್ಪಗೆ ಒದ್ದೆ. ಆದ್ರೂ ಅನುಮಾನ ಬೇಡ ಅಂತ ರೈಲ್ ಸಮೇತ ಇಂಜೆಕ್ಟರ್‌ಗಳನ್ನೆಲ್ಲ ಮೇಲಕ್ಕೆತ್ತಿ ಕೆಳಗೆ ಕಾಗದ ಹಾಸಿದ್ವಿ. ಸ್ಟಾರ್ಟ್ ಮಾಡ್ಬಾರ್ದು, ಬರೀ ಕೀ ತಿರುಗಿಸ್ಬೇಕು. ಒತ್ತಡ ಬಂದಾಗ ಒಳ್ಳೇ ಇಂಜೆಕ್ಟರ್ ಬಾಯಿ ಮುಚ್ಕೊಂಡಿರುತ್ತೆ, ಕೆಟ್ಟಿದ್ದು ತೊಟ್ಟಿಕ್ಕುತ್ತೆ. ನಾಲ್ಕನೇದರ ಕೆಳಗೆ ಕಾಗದ ನೆಂದಿತ್ತು."

ರೈಲ್ ಎಂದರೆ ಪೆಟ್ರೋಲನ್ನು ನಾಲ್ಕು ಇಂಜೆಕ್ಟರುಗಳಿಗೂ ಹಂಚುವ ಉದ್ದನೆಯ ಪೈಪು. ನನಗೆ ಅದು ಗೊತ್ತಾಗಿದ್ದೇ ಈ ವಾರ.

"ಆಮೇಲೆ?"

"ನಾಲ್ಕೂ ಹೊಸದು ಹಾಕ್ದೆ. ಒಂದು ಹೋಗಿದೆ ಅಂದ್ರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತಲ್ಲ."

"ನಿಮ್ಮ ಕೈಯಾರೆ ಹಾಕಿದ್ರಾ?"

"ನಾನೇ ಅಂದ್ನಲ್ಲ."

ಮಗಳು ಆಗಲೇ ಒರೆಸಿಟ್ಟಿದ್ದ ಸ್ಪ್ಯಾನರನ್ನು ಮತ್ತೆ ಎತ್ತಿಕೊಂಡು ಒರೆಸುತ್ತಿದ್ದಳು. ನಾನು ಶೆಲ್ಫಿನಿಂದ ಒಂದು ಹೊಸ ಇಂಜೆಕ್ಟರನ್ನೂ ಡಬ್ಬಿಯಿಂದ, ಸಂದಿನಲ್ಲಿ ಪೆಟ್ರೋಲ್ ಸೋರದಂತೆ ತಡೆಯುವ ಒಂದು ಹಸಿರು ರಬ್ಬರ್ ರಿಂಗನ್ನೂ ತೆಗೆದು ಅವರ ಮುಂದಿಟ್ಟೆ.

"ನನಗೂ ಒಂದ್ಸಲ ತೋರಿಸ್ಬಿಡಿ. ಈ ರಿಂಗು ಇದರ ಕುತ್ತಿಗೆಗೆ ಏರಿಸಿ, ಸಾಕು."

ಡಾಕ್ಟರು ನನ್ನನ್ನೇ ನೋಡಿದರು. ಆಮೇಲೆ ಜೇಬಿನಿಂದ ಕೈಗಳನ್ನು ಹೊರಗೆ ತೆಗೆದರು. ಬಲಗೈ ಅದುರುತ್ತಿತ್ತು, ಅದನ್ನು ಹಿಡಿಯಲು ಬಂದ ಎಡಗೈಯೂ ಅದುರುತ್ತಿತ್ತು. ರಿಂಗು ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದು ಬೆಂಚಿನ ಅಡಿಗೆ ಉರುಳಿಹೋಯಿತು. ಅವರು ಬಗ್ಗಿ ಹುಡುಕತೊಡಗಿದಾಗ, ಹೀಗೆ ಪರೀಕ್ಷೆ ಮಾಡಬಾರದಿತ್ತು ಎಂದು ನನ್ನ ಮೇಲೆ ನನಗೇ ಬೇಸರವಾಯಿತು.

"ಸಾಕು ಬಿಡಿ ಮೇಡಂ!" ಮಗಳು ಸ್ಪ್ಯಾನರ್ ಕೆಳಗಿಟ್ಟಳು. "ಅಪ್ಪನ ಕೈ ಈಗ ಮೊದಲಿನ ಹಾಗಿಲ್ಲ. ಕಾಯಿಲೆ ಹೇಳೋದು ಅಪ್ಪ, ಬಿಚ್ಚಿ ಹಾಕೋದು ನಾನು. ಹೊರಗೆ ಗೊತ್ತಾದ್ರೆ ಯಾರೂ ಕಾರು ತರಲ್ಲ ಅಂತ ಬಾಯಿ ಬಿಟ್ಟಿಲ್ಲ. ಮೇಷ್ಟ್ರು ಮಾಮಂಗೆ ಒಬ್ರಿಗೇ ಗೊತ್ತಿತ್ತು. ಅವತ್ತು ನಾಲ್ಕೂ ಹಾಕಿದ್ದು ನಾನು."

"ಸುಮ್ನಿರೇ! ಅವಳ ಮಾತು ಬರ್ಕೋಬೇಡಿ ಮೇಡಂ, ಅವಳಿಗೇನೂ ಗೊತ್ತಿಲ್ಲ."

ಒಪ್ಪಿಕೊಳ್ಳಲು ಅಪ್ಪ ಮಗಳು ನಾಮುಂದು ತಾಮುಂದು ಎಂದು ನಿಂತಿದ್ದರು. ಇಂಥ ಜಗಳ ನಾನು ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ.

ಗೋಣಿಚೀಲ ಬಿಚ್ಚಿದೆ. ಠಾಣೆಯ ಅಂಗಳದಲ್ಲಿದ್ದ ಕಾರಿನಿಂದ ಬಿಚ್ಚಿಸಿ ತಂದ ರೈಲು ಅದರಲ್ಲಿತ್ತು. ಬಾನೆಟ್ಟಿನ ಒಂದು ಮೂಲೆ ಹೆಚ್ಚು ಸುಡದೆ ಉಳಿದಿದ್ದರಿಂದ ನಾಲ್ಕು ಇಂಜೆಕ್ಟರುಗಳೂ ಮಸಿ ಮೆತ್ತಿಕೊಂಡು ಹಾಗೇ ಅಂಟಿಕೊಂಡಿದ್ದವು. ಮಗಳು ಅದನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ನಿನ್ನ ಕೆಲ್ಸಾನಾ? ಸರಿಯಾಗಿ ನೋಡಿ ಹೇಳಮ್ಮ."

ಅವಳು ಬೆರಳಿನಿಂದ ಮಸಿ ಒರೆಸಿದಳು. ಇಂಜೆಕ್ಟರು ರೈಲಿನಿಂದ ಜಾರದಂತೆ ಪ್ರತಿಯೊಂದಕ್ಕೂ ಒಂದು ತಗಡಿನ ಕ್ಲಿಪ್ ಇತ್ತು.

"ನಂದೇ," ಎಂದಳು. "ಬೇರೆ ಕಡೆ ಕ್ಲಿಪ್ಪಿನ ಬಾಯಿ ಹೊರಗೆ ಕಾಣೋ ಹಾಗೆ ಹಾಕ್ತಾರೆ, ಸುಲಭ ಅಂತ. ಇಂಜಿನ್ ಒರೆಸುವಾಗ ಬಟ್ಟೆ ಸಿಕ್ಕಿ ಎಳೆದುಬಿಡುತ್ತೆ ಅಂತ ಅಪ್ಪ ಒಳಮುಖವಾಗೇ ಹಾಕಿಸ್ತಾರೆ. ಕೈ ತೂರಲ್ಲ, ಉಗುರು ಕಿತ್ತುಹೋಗುತ್ತೆ, ಆದ್ರೂ ಹಾಗೇ ಹಾಕ್ಬೇಕು. ನೋಡಿ, ನಾಲ್ಕೂ ಒಳಮುಖ. ಇದು ಈ ಶೆಡ್ಡಿನ ಕೈ ಮೇಡಂ."

ರೈಲನ್ನು ಬೆಂಚಿನ ಮೇಲಿಟ್ಟಳು. "ರಿಂಗು ಕೂರಿಸೋಕೆ ಮುಂಚೆ ಒಂದು ಬೊಟ್ಟು ಆಯಿಲ್ ಸವರ್ಬೇಕು. ಒಣದನ್ನ ಒತ್ತಿದ್ರೆ ಹರಿದುಹೋಗುತ್ತೆ. ನಾಲ್ಕನೇದಕ್ಕೆ ಸವರಿದ್ನೋ ಇಲ್ವೋ ಅಂತ ವಾರದಿಂದ ಕೂತಲ್ಲಿ ನಿಂತಲ್ಲಿ ನೆನಪು ಮಾಡ್ಕೋತಿದೀನಿ. ನೆನಪಾಗ್ತಾನೇ ಇಲ್ಲ. ಚಿಕ್ಕವಳಿದ್ದಾಗ ನನ್ನ ಕೈ ಹಿಡಿದು ಬಣ್ಣ ಹಚ್ಚೋದು ಕಲಿಸಿದ್ದು ಅವರು. ಅವರನ್ನೇ ಸುಟ್ಟುಬಿಟ್ಟೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು ಮಗಳ ತಲೆಯ ಮೇಲೆ ಕೈ ಇಡಲು ಹೋಗಿ, ನಡುಗುವ ಕೈಯನ್ನು ನೋಡಿ ಹಿಂದಕ್ಕೆ ಎಳೆದುಕೊಂಡರು. ಆದರೂ ಗಡಸಾಗಿಯೇ ಹೇಳಿದೆ.

"ಅಳೋದು ಆಮೇಲೆ. ಮೊದಲು ರಿಂಗು ನೋಡು."

ಮೂರು ಇಂಜೆಕ್ಟರುಗಳ ಕುತ್ತಿಗೆಯಲ್ಲಿ ಮಸಿಯ ಕೆಳಗೆ ಹಸಿರು ರಿಂಗು ನೆಟ್ಟಗಿತ್ತು. ನಾಲ್ಕನೆಯದರ ಕುತ್ತಿಗೆಯ ತೋಡಿನಲ್ಲಿ ಹರಿದ ತುಣುಕೊಂದು ಕಚ್ಚಿಕೊಂಡಿತ್ತು. ಅದು ಕಪ್ಪು.

"ನಮ್ಮಲ್ಲಿ ಕಪ್ಪು ರಿಂಗೇ ಇಲ್ವಲ್ಲ!" ಎಂದಳು ಮಗಳು, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು.

"ಇತ್ತು," ಎಂದರು ಡಾಕ್ಟರು ತಕ್ಷಣ. "ಹಸಿರು ಮುಗಿದುಹೋಗಿತ್ತು. ಕಪ್ಪು ನಾನೇ ತಂದುಕೊಟ್ಟೆ."

"ಡಾಕ್ಟ್ರೇ, ಈಗಷ್ಟೇ ಡಬ್ಬಿ ತೆಗೆದವಳು ನಾನು. ತುಂಬಿ ತುಳುಕ್ತಿದೆ ಹಸಿರು. ನಿಮಗೆ ಸುಳ್ಳು ಹೇಳಿ ರೂಢಿ ಇಲ್ಲ, ಬಿಟ್ಬಿಡಿ."

ನನ್ನ ಚೀಲದಿಂದ ಒಂದು ಸಣ್ಣ ಸೀಸೆ ತೆಗೆದೆ. ಹರಿದ ಕಪ್ಪು ರಿಂಗಿನಿಂದ ಒಂದು ಚೂರನ್ನೂ, ಹೊಸ ಹಸಿರು ರಿಂಗೊಂದರ ಚೂರನ್ನೂ ನಿನ್ನೆಯೇ ಪೆಟ್ರೋಲಿನಲ್ಲಿ ಹಾಕಿಟ್ಟಿದ್ದೆ. ಬೆಂಚಿನ ಮೇಲೆ ಬಿದ್ದಿದ್ದ ಡಬ್ಬಿಯ ಮುಚ್ಚಳವೊಂದಕ್ಕೆ ಎರಡನ್ನೂ ಸುರಿದೆ. ಹಸಿರು ಹೇಗಿತ್ತೋ ಹಾಗೇ ಇತ್ತು. ಕಪ್ಪು ಚೂರು ನೆನೆಸಿದ ಕಡಲೆಯ ಹಾಗೆ ಊದಿತ್ತು, ಮುಟ್ಟಿದರೆ ಮೆತ್ತಗೆ.

ಡಾಕ್ಟರು ಮುಚ್ಚಳದ ಮೇಲೆ ಬಾಗಿದರು. ಅವರ ಮುಖದ ಬಣ್ಣ ಇಳಿದುಹೋಯಿತು.

"ನೀರಿನ ರಿಂಗು," ಎಂದರು. "ನಲ್ಲಿಗೆ, ಪಂಪಿಗೆ ಹಾಕೋದು. ನೀರಲ್ಲಿ ಎಷ್ಟು ವರ್ಷ ಬೇಕಾದ್ರೂ ಬಾಳುತ್ತೆ. ಪೆಟ್ರೋಲ್ ತಾಗಿದ್ರೆ ಊದ್ಕೊಂಡು, ಮೆತ್ತಗಾಗಿ, ಜಾಗ ಬಿಟ್ಟು ಹೊರಗೆ ಬರುತ್ತೆ. ಏರು ಹತ್ತುವಾಗ ಇಂಜಿನ್ ಕಾದಿರುತ್ತೆ, ಅದರ ಮೇಲೆ ಪೆಟ್ರೋಲ್ ಚಿಮ್ಮಿದ್ರೆ..." ಎಂದು ಸ್ಟೂಲು ಎಳೆದುಕೊಂಡು ಕೂತರು.

"ಗೊತ್ತಿಲ್ದೆ ಹಾಕಿರ್ಬಹುದಲ್ವಾ ಯಾರಾದ್ರೂ?"

ಹೇಳಿದ್ದು ಮಗಳು, ಅದೂ ಪಿಸುಮಾತಿನಲ್ಲಿ. "ಇಲ್ಲಿ ಕೆಲ್ಸಕ್ಕೆ ಸೇರಿದ ಮೊದಲನೇ ದಿನ ಅಪ್ಪ ಸ್ಪ್ಯಾನರ್ ಮುಟ್ಟೋಕೂ ಬಿಡಲ್ಲ. ಮುಚ್ಚಳದಲ್ಲಿ ಪೆಟ್ರೋಲ್ ಹಾಕಿ, ಹೀಗೇ ಎರಡು ರಿಂಗು ನೆನೆಹಾಕಿ, ಮಾರನೇ ದಿನ ಕರೆದು ತೋರಿಸ್ತಾರೆ. ಅದೇ ಮೊದಲನೇ ಪಾಠ."

ಹಾಗಾದರೆ ನಾಲ್ಕನೇ ಕ್ಲಿಪ್ಪನ್ನು ಬಿಚ್ಚಿ ಮತ್ತೆ ಒಳಮುಖವಾಗಿ ಹಾಕಿದವನಿಗೆ ಈ ಮುಚ್ಚಳದ ಪಾಠವೂ ಆಗಿತ್ತು. ಗೊತ್ತಿದ್ದೇ ಹಾಕಿದ್ದ.

"ಈ ಶೆಡ್ಡಲ್ಲಿ ಕೆಲ್ಸ ಕಲ್ತವರು ಯಾರ್ಯಾರು?"

"ನಾನು," ಎಂದಳು ಮಗಳು. "ಇನ್ನೊಬ್ರು."

ತಪ್ಪು ತನ್ನದಲ್ಲ ಎಂದು ತಿಳಿದವಳ ಮುಖದಲ್ಲಿ ನಿರಾಳ ಕಾಣಬೇಕಿತ್ತು. ಕಾಣಲಿಲ್ಲ. ಅವಳ ಕಣ್ಣು ಹಿಂಬಾಗಿಲ ಕಡೆಗೆ ಹೋಗಿ, ಚಿಲಕದ ಮೇಲೆ ಒಂದು ಕ್ಷಣ ನಿಂತು, ನೆಲಕ್ಕೆ ಇಳಿಯಿತು. ಆಗ ನಾನು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ತಲೆಯಲ್ಲಿ ಬೇರೆಯೇ ಒಂದು ಪ್ರಶ್ನೆ ಕೊರೆಯುತ್ತಿತ್ತು. "ಡಾಕ್ಟ್ರೇ, ಆ ಬೆಳಿಗ್ಗೆ ಕಾರನ್ನ ಏರಿಗೆ ತಗೊಂಡು ಹೋಗ್ಬೇಕಾಗಿದ್ದವರು ಯಾರು?"

"ನಾನು," ಎಂದರು ಅವರು, ಮುಚ್ಚಳದಿಂದ ಕಣ್ಣು ಕೀಳದೆ. "ರಿಪೇರಿ ಆದ ಗಾಡೀನ ನಾನೇ ಆ ಏರು ಹತ್ತಿಸಿ ನೋಡದೆ ಯಾರಿಗೂ ವಾಪಸ್ ಕೊಡಲ್ಲ. ಬೆಳಿಗ್ಗೆ ಎದ್ದು ಮೊದಲ ಕೆಲ್ಸಾನೇ ಅದು. ಇಡೀ ಬೀದಿಗೆ ಗೊತ್ತು."

"ಮತ್ತೆ ಅವತ್ತು?"

"ಮೇಷ್ಟ್ರು ಎದ್ದವನೇ ಬಂದುಬಿಟ್ಟ. ಕೀ ನನ್ನ ಕೈಯಿಂದ ಕಿತ್ಕೊಂಡ. 'ನಿನ್ನ ಕೈ ನೋಡ್ಕೋ ಮಾರಾಯ, ನೀನು ಸ್ಟೇರಿಂಗ್ ಹಿಡಿದ್ರೆ ಕಾರೇ ಹೆದರ್ಕೊಳ್ಳುತ್ತೆ. ನಾನೇ ಹತ್ತಿಸ್ಕೊಂಡು ಬರ್ತೀನಿ, ನೀನು ಟೀ ಹೇಳು' ಅಂದ. ನಾನು ಟೀ ಹೇಳ್ದೆ ಮೇಡಂ. ಇಬ್ಬರಿಗೂ ಹೇಳ್ದೆ."

ಅಣ್ಣ ಯಾಕೆ ಕಾರು ತಗೊಂಡ್ಹೋದ? ವಾರವಿಡೀ ಆ ಪ್ರಶ್ನೆಯನ್ನು ನನ್ನ ಮೇಜಿನ ಮುಂದೆ ಇಟ್ಟುಹೋಗಿದ್ದ ಪಂಪಿನವನು. ನಾನು ಕಿವಿಯಿದ್ದೂ ಕೇಳಿಸಿಕೊಳ್ಳಲಿಲ್ಲ, ನೀರು ಕೊಟ್ಟು ಕಳಿಸಿದೆ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

"ಏನ್ ಮೇಡಂ, ಇನ್ನೂ ಇಲ್ಲೇ ಇಟ್ಕೊಂಡು ಮಾತಾಡ್ತಿದೀರಾ ಇವರನ್ನ?"

ಪಂಪಿನವನು ಅಂಗಳ ದಾಟಿ ಹಿಂಬಾಗಿಲಲ್ಲಿ ನಿಂತಿದ್ದ. ಅತ್ತು ಅತ್ತು ಕಣ್ಣು ಬಾತಿದ್ದವು, ಅದು ನಾಟಕವಲ್ಲ. ಒಳಗೆ ಕಾಲಿಟ್ಟವನ ದೃಷ್ಟಿ ಬೆಂಚಿನ ಮೇಲೆ ಬಿತ್ತು.

"ಮೊದಲನೇ ಪಾಠಾನಾ? ಯಾರಿಗೆ, ಮೇಡಂಗಾ..." ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಊದಿದ ಕಪ್ಪು ಚೂರನ್ನು ನೋಡಿದ. ಪಕ್ಕದಲ್ಲಿದ್ದ ಸುಟ್ಟ ರೈಲನ್ನು ನೋಡಿದ.

"ನೀವು ಕೇಳ್ತಿದ್ರಲ್ಲ, ಅದಕ್ಕೆ ಉತ್ತರ ಸಿಕ್ತು," ಎಂದೆ.

"ಏನು ಕೇಳ್ತಿದ್ದೆ ನಾನು?"

"ಅಣ್ಣ ಯಾಕೆ ಕಾರು ತಗೊಂಡ್ಹೋದ್ರು ಅಂತ. ಯಾಕೆ ಅವರೇ ಹೋದ್ರು, ಡಾಕ್ಟ್ರು ಯಾಕೆ ಹೋಗ್ಲಿಲ್ಲ ಅಂತ."

ಡಾಕ್ಟರು ಎದ್ದು ನಿಂತರು. ಎರಡೂ ಕೈಗಳನ್ನು ಅವನ ಮುಖದ ಮುಂದೆ ಚಾಚಿದರು. ಬೆರಳುಗಳು ತಮ್ಮ ಪಾಡಿಗೆ ತಾವು ಅದುರುತ್ತಿದ್ದವು.

"ಇದಕ್ಕೆ ಕಣೋ," ಎಂದರು. "ನನ್ನ ಕೈಲಿ ಸ್ಟೇರಿಂಗ್ ನಿಲ್ಲಲ್ಲ ಅಂತ ನಿಮ್ಮಣ್ಣ ಹೋದ."

ಅವನು ಆ ಕೈಗಳನ್ನೇ ನೋಡಿದ. ತನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಕೈಗಳು. "ನಂಗೆ ಗೊತ್ತಿರ್ಲಿಲ್ಲ ಗುರುಗಳೇ," ಎಂದ. "ಅಣ್ಣ ಒಂದು ಮಾತೂ ಹೇಳ್ಲಿಲ್ಲ."

"ಯಾರಿಗೂ ಹೇಳ್ಬೇಡ ಅಂತ ಅವನ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ದೊಡ್ಡ ಡಾಕ್ಟರ್ ಅನ್ನೋ ಜಂಬ ನಂಗೆ. ಬಾಯಿಬಿಟ್ಟು ಹೇಳಿದ್ರೆ ನೀನು ಸುಮ್ನಿರ್ತಿದ್ಯೋ ಏನೋ. ಅವನೂ ಉಳೀತಿದ್ದ."

ಪಂಪಿನವನು ನೆಲದ ಮೇಲೆ ಕೂತುಬಿಟ್ಟ. "ನಾವಿಬ್ರೂ ಇಷ್ಟಪಟ್ಟು, ಮಗಳನ್ನ ಕೊಡಿ ಅಂತ ಕೇಳಿದ್ದಕ್ಕೆ ನನ್ನ ಸಾಮಾನೆಲ್ಲ ಬೀದಿಗೆ ಎಸೆದ್ರಿ. ಬೀದಿಯವರೆಲ್ಲ ನಿಂತು ನೋಡಿದ್ರು. ಆ ಅವಮಾನ ಹೊಟ್ಟೇಲಿ ಇಟ್ಕೊಂಡು ನಿಮ್ಮ ಹಿಂದ್ಗಡೇನೇ ಅಂಗಡಿ ಹಾಕ್ದೆ. ರಿಂಗು ನಾನೇ ಹಾಕಿದ್ದು ಮೇಡಂ. ನಿಮಗೆ ಹಾಕಿದ್ದು ಗುರುಗಳೇ, ಅವನಿಗಲ್ಲ." ಅವನು ಹಣೆ ನೆಲಕ್ಕೆ ತಾಗುವಷ್ಟು ಬಾಗಿ ಅಣ್ಣನನ್ನು ಕರೆದು ಅತ್ತ. ಅವನ ಮೇಲೆ ಕೋಪ ಬರಬೇಕಿತ್ತು ನನಗೆ, ಬಂದದ್ದು ಸಂಕಟ.

ಡಾಕ್ಟರು ಉಳಿದರು, ಮಗಳೂ ಉಳಿದಳು ಎಂದುಕೊಂಡು ಅವನ ತೋಳು ಹಿಡಿದು ಎಬ್ಬಿಸಿದೆ. ಇನ್ನ್ಯಾವ ಅನುಮಾನವೂ ಇರಲಿಲ್ಲ. ನಿಯಮದ ಪ್ರಕಾರ ಕೇಳಬೇಕಾದ ಕೊನೆಯ ಪ್ರಶ್ನೆಯನ್ನಷ್ಟೇ ಕೇಳಿದೆ.

"ಮುಂದಿನ ಬೀಗದ ಕೈ ಡಾಕ್ಟರ ಹತ್ರ ಇತ್ತು. ಹಿಂಬಾಗಿಲಿಗೆ ಒಳಗಿನಿಂದ ಚಿಲಕ. ರಾತ್ರಿ ಒಳಗೆ ಹೇಗೆ ಬಂದೆ?"

ಅವನು ಬಾಯಿ ತೆರೆದ. ಆದರೆ ನನ್ನ ಕಡೆ ನೋಡಲಿಲ್ಲ, ನನ್ನ ಹೆಗಲ ಮೇಲಿಂದ ಆಚೆ ನೋಡಿದ. ಅಲ್ಲಿ ಮಗಳು, ಮತ್ತೆ ಎತ್ತಿಕೊಂಡಿದ್ದ ಸ್ಪ್ಯಾನರನ್ನು ಒರೆಸುವುದು ನಿಲ್ಲಿಸಿದ್ದಳು. ಅವನು ತುಟಿ ಕಚ್ಚಿಕೊಂಡ.

ಅಷ್ಟರಲ್ಲಿ ಡಾಕ್ಟರು ನನಗೂ ಮಗಳಿಗೂ ನಡುವೆ ಬಂದು ನಿಂತಿದ್ದರು. ನಡುಗುವ ಕೈಗಳು ಮತ್ತೆ ಜೇಬಿನೊಳಗೆ ಇಳಿದಿದ್ದವು.

"ಬರ್ಕೊಳ್ಳಿ ಮೇಡಂ," ಎಂದರು. "ಆ ರಾತ್ರಿ ಚಿಲಕ ತೆಗೆದಿಟ್ಟಿದ್ದು ನಾನು. ನನ್ನ ಕೈಯಾರೆ ತೆಗೆದಿಟ್ಟೆ."

ಹೆಗಲು ಕೊಟ್ಟರೂ ಅವರಿಂದ ಅಲ್ಲಾಡದಿದ್ದ ಚಿಲಕ ಅದು. ನಾನು ಪೆನ್ನು ತೆಗೆಯಲಿಲ್ಲ. ಅವರ ಬೆನ್ನ ಹಿಂದೆ ಮಗಳು ತಲೆ ಎತ್ತಲೇ ಇಲ್ಲ.